ಇಪ್ಪತ್ತು ನಿಮಿಷದ ಜುಣಕ, ಒಂದೂವರೆ ತಾಸಿನ ಪುರಾಣ



ಈ ವಾರ ಒಂದು ಅಡುಗೆ, ಒಂದು ಕಥೆ. ಅಡುಗೆ ಜುಣಕದ್ದು. ಕಥೆ, ಆ ಜುಣಕ ನಮ್ಮ ಮನೆಯಲ್ಲಿ ಶ್ರಾವಣದ ಊಟವಾದದ್ದು. ಅಡುಗೆಗೆ 20 ನಿಮಿಷ ಸಾಕು. ಕಥೆ ತುಸು ಉದ್ದ. ಅದಕ್ಕೇ ಅದನ್ನು ಮೊದಲು ಹೇಳಿಬಿಡುತ್ತೇನೆ.

ಶ್ರಾವಣ ಬಂತೆಂದರೆ ನಮ್ಮ ರಬಕವಿ-ಬನಹಟ್ಟಿಯಲ್ಲಿ, ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿಯ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ದೀಪ ಹಚ್ಚುವುದು ಗೊತ್ತು, ಪುರಾಣ ಹಚ್ಚುವುದೆಂದರೇನು ಎಂದು ದೂರದ ಊರಿನ ಮಕ್ಕಳು ಕೇಳಬಹುದು. ದಿನಾ ರಾತ್ರಿ ಊಟ ಮುಗಿಸಿ ಊರವರು ಗುಡಿಯಲ್ಲೋ ಮಠದಲ್ಲೋ ಕೂಡುತ್ತಾರೆ. ನಡುವೆ ಪುರಾಣ ಹೇಳುವ ಶಾಸ್ತ್ರಿಗಳು, ಅವರ ಒಂದು ಬದಿಗೆ ಪೇಟಿ ಹಿಡಿದ ಗವಾಯಿಗಳು, ಇನ್ನೊಂದು ಬದಿಗೆ ತಬಲಾದವರು. ಶಾಸ್ತ್ರಿಗಳು ಶರಣರ ಕಥೆ ಎತ್ತಿಕೊಳ್ಳುತ್ತಾರೆ. ಒಂದು ವರ್ಷ ಬಸವಣ್ಣನವರದು, ಒಂದು ವರ್ಷ ಹೇಮರಡ್ಡಿ ಮಲ್ಲಮ್ಮನದು, ಇನ್ನೊಂದು ವರ್ಷ ಗುಡ್ಡಾಪುರದ ದಾನಮ್ಮನದು ಇಲ್ಲವೇ ಹುಬ್ಬಳ್ಳಿಯ ಸಿದ್ಧಾರೂಢರದು. ಕಥೆಯಲ್ಲಿ ದುಃಖ ಬಂದರೆ ಗವಾಯಿಗಳು ಕಣ್ಣು ಒದ್ದೆಯಾಗುವ ಪದ ಹಾಡುತ್ತಾರೆ, ಸಂತೋಷ ಬಂದರೆ ತಬಲಾ ಜೋರಾಗುತ್ತದೆ. ಇನ್ನೇನು ಮುಖ್ಯ ಮಾತು ಬಂತು ಅನ್ನುವಾಗ ಶಾಸ್ತ್ರಿಗಳು ಪುಸ್ತಕ ಮುಚ್ಚಿ, ಉಳಿದದ್ದು ನಾಳೆಗೆ ಎನ್ನುತ್ತಾರೆ. ಟಿವಿ ಧಾರಾವಾಹಿಯವರ ಈ ಜಾಣತನ ನಮ್ಮ ಶಾಸ್ತ್ರಿಗಳಿಗೆ ಟಿವಿ ಹುಟ್ಟುವ ಮೊದಲೇ ಗೊತ್ತಿತ್ತು! ಆಮೇಲೆ ಮಂಗಳಾರತಿ, ಕೈಗೊಂದಿಷ್ಟು ಸಕ್ಕರೆ-ಚುರುಮುರಿ. ತಿಂಗಳ ಕೊನೆಗೆ ಪುರಾಣ ಮಂಗಲ. ಅಂದು ಊರಿಗೆಲ್ಲ ಪ್ರಸಾದ.

ನಾನು ಸೊಸೆಯಾಗಿ ಬನಹಟ್ಟಿಗೆ ಬಂದದ್ದು 1984ರಲ್ಲಿ. ನನ್ನ ತವರು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಒಂದು ಹಳ್ಳಿ. ಆ ಊರು ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಅಲ್ಲಿ ಹೊಲದ ಸಪ್ಪಳ ಕೇಳಿ ಬೆಳೆದವಳಿಗೆ ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ. ಇದು ನೇಕಾರರ ಊರು. ಓಣಿಗೆ ಕಾಲಿಟ್ಟರೆ ಮನೆಮನೆಯಿಂದ ಖಟ್-ಖಟ್, ಖಟ್-ಖಟ್. ನಮ್ಮ ಮನೆಯಲ್ಲಿ ಆಗ ಎರಡು ಮಗ್ಗ. ಮಾವನವರು, ನನ್ನ ಯಜಮಾನರು ನೇಯುತ್ತಿದ್ದರು. ಅತ್ತೆ, ನಾನು ಕಂಡಿಕೆ ಸುತ್ತುತ್ತಿದ್ದೆವು. ಮಗ್ಗದ ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಕಂಡಿಕೆ ಇಲ್ಲದಿದ್ದರೆ ಮಗ್ಗ ಓಡುವುದಿಲ್ಲ, ಮಗ್ಗ ಓಡದಿದ್ದರೆ ಮನೆ ನಡೆಯುವುದಿಲ್ಲ.

ಸಂಜೆ ಮಗ್ಗ ನಿಂತವೆಂದರೆ ಓಣಿಗೆ ಓಣಿಯೇ ಒಮ್ಮೆಲೆ ಸುಮ್ಮನಾಗುತ್ತಿತ್ತು. ಆ ಸುಮ್ಮನಿಗೆ ಎರಡು ಅರ್ಥ. ಗಂಡಸರಿಗೆ, ದಿನದ ಕೆಲಸ ಮುಗಿಯಿತು ಎಂದು. ಹೆಂಗಸರಿಗೆ, ಒಲೆ ಹೊತ್ತಿಸುವ ಹೊತ್ತಾಯಿತು ಎಂದು.

ಗುಡಿ ನಮ್ಮ ಮನೆಯಿಂದ ಮೂರು ಮನೆ ಆಚೆ. ಶ್ರಾವಣದಲ್ಲಿ ಮಾವನವರು ಬಿಸಿ ರೊಟ್ಟಿ, ಪಲ್ಯ, ಬ್ಯಾಳಿ, ಅನ್ನ ಉಂಡು ಮುಂದಿನ ಜಾಗ ಹಿಡಿಯಲು ಎಲ್ಲರಿಗಿಂತ ಮೊದಲು ಹೊರಡುತ್ತಿದ್ದರು. ಹಿಂದೆಯೇ ಯಜಮಾನರು, ಮೈದುನಂದಿರು, ಓಣಿಯ ಹುಡುಗರು. ಅತ್ತೆ ಎಲ್ಲರಿಗೂ ಬಡಿಸಿ, ತಾವು ಉಂಡು, ಬೋಗಾಣಿ ತಿಕ್ಕಿ, ಒಲೆ ಸಾರಿಸಿ, ಸೆರಗಿಗೆ ಕೈ ಒರೆಸಿಕೊಂಡು ಓಡಬೇಕು. ಅವರು ಗುಡಿ ಮುಟ್ಟುವುದೂ ಮಂಗಳಾರತಿಯ ಗಂಟೆ ಬಾರಿಸುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ.

ನನ್ನ ಮೊದಲನೆಯ ಶ್ರಾವಣದಲ್ಲಿ ಒಂದು ರಾತ್ರಿ ಇಬ್ಬರೂ ತಾಟು ತೊಳೆಯುತ್ತಿದ್ದೆವು. ಗುಡಿಯಿಂದ ಪೇಟಿಯ ಸ್ವರ ಕೇಳುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಮುಂದಿನ ಸೋಮವಾರ ಆಯ್ದಕ್ಕಿ ಲಕ್ಕಮ್ಮನ ಕಥೆ ಎಂದು ಶಾಸ್ತ್ರಿಗಳು ಹೇಳಿದ್ದರು. ನಾನು ಸುಮ್ಮನೆ ಮಾತಿಗೆ ಕೇಳಿದೆ:

“ಅತ್ತಿ, ಲಕ್ಕಮ್ಮನ ಕಥಿ ನಿಮಗ ಗೊತ್ತೈತೇನ್ರಿ?”

“ಗೊತ್ತಿಲ್ಲದ ಏನವಾ! ಲಕ್ಷದ ಮ್ಯಾಲೆ ತೊಂಬತ್ತಾರು ಸಾವಿರ ಜಂಗಮರಿಗೆ ಉಣ್ಣಾಕ ಹಾಕಿದ ಮಹಾತಾಯಿ.”

“ಅದಕಿಂತಾ ಮೊದಲ ಏನಾತ್ರಿ?”

ಅತ್ತೆ ತಾಟು ತೊಳೆಯುವುದನ್ನು ನಿಲ್ಲಿಸಿದರು. ಆಮೇಲೆ ನಕ್ಕರು.

“ಮೊದಲಿಂದು ನನಗೇನ ಗೊತ್ತವಾ? ನಾ ಹೋಗೂದ ಮುಗಿಯೂ ಹೊತ್ತಿಗೆ. ಎಲ್ಲಾ ಶರಣರ ಕಥಿನೂ ನನಗ ಮುಗಿಯೂದಷ್ಟ ಗೊತ್ತೈತಿ.”

ಅವರು ಆ ಮನೆಗೆ ಬಂದು ಆಗಲೇ ಮೂವತ್ತು ವರ್ಷ ಆಗಿತ್ತು. ಮೂವತ್ತು ಶ್ರಾವಣ, ಗುಡಿ ಮೂರು ಮನೆ ಆಚೆ. “ಹಂಗಾರ ನಾ ಹೇಳತೇನ್ರಿ, ನಮ್ಮ ಮುತ್ಯಾ ಹೇಳಿದ್ದ ಐತಿ” ಅಂದೆ. ಅತ್ತೆ ತಲೆ ಅಲ್ಲಾಡಿಸಿದರು. “ಬ್ಯಾಡವಾ. ಒಮ್ಮೆರೆ ಕೂತ ಕೇಳತೇನಿ.”

ಆ ಸೋಮವಾರ ಅತ್ತೆ ಮಗ್ಗ ನಿಲ್ಲುವ ಮೊದಲೇ ಎದ್ದು ಎರಡು ಉಳ್ಳಾಗಡ್ಡಿ ಹೆಚ್ಚಿದರು. ರೊಟ್ಟಿಯ ಹಿಟ್ಟಿಗೆ ಕೈ ಹಾಕಲೇ ಇಲ್ಲ. ಬುಟ್ಟಿಯಲ್ಲಿದ್ದ ಖಡಕ್ ರೊಟ್ಟಿ ತೆಗೆದಿಟ್ಟರು. ಜುಣಕ ಕಲಸಿ, ಮೊಸರು, ಶೇಂಗಾ ಹಿಂಡಿ ಮುಂದಿಟ್ಟು ಎಲ್ಲರನ್ನೂ ಒಟ್ಟಿಗೇ ಕರೆದರು. ಬಡಿಸಿದ ಮೇಲೆ ತಾವೂ ಅದೇ ಸಾಲಿನಲ್ಲಿ ತಾಟು ಹಾಕಿಕೊಂಡು ಕೂತರು.

ಮಾವನವರು ತಾಟು ನೋಡಿದರು. ದಿನವಿಡೀ ಸೋಮವಾರದ ಉಪವಾಸ ಇದ್ದವರು. ಸಂಜೆಗೆ ಏನಾದರೂ ಸಿಹಿ ಇರುತ್ತದೆ ಎಂದುಕೊಂಡಿದ್ದರು. “ಶ್ರಾವಣ ಸ್ವಾಮಾರ ಜುಣಕೇನ?” ಎಂದರು. ಧ್ವನಿ ಸಣ್ಣದೇನೂ ಇರಲಿಲ್ಲ.

ನಾನು ತಲೆ ತಗ್ಗಿಸಿದೆ. ಅತ್ತೆ ತಗ್ಗಿಸಲಿಲ್ಲ. “ಇವತ್ತ ಜುಣಕರಿ. ನಾನೂ ಮೊದಲಿಂದ ಕೇಳಾಕ ಬರತೇನಿ. ಉಂಡ ತಾಟ ಅವರವರು ತೊಳದ ಇಡ್ರಿ.”

ಇಡೀ ಮನೆ ಮಗ್ಗ ನಿಂತ ಹಾಗೆ ಸುಮ್ಮನಾಯಿತು. ನಂತರ ಮಾವನವರು ರೊಟ್ಟಿ ಮುರಿದ ಸಪ್ಪಳ ಕೇಳಿತು. ಅವರು ಉಂಡರು, ಎರಡು ಸಲ ಜುಣಕ ಹಾಕಿಸಿಕೊಂಡೇ ಉಂಡರು. ಎದ್ದು ಬಚ್ಚಲಿಗೆ ಹೋಗಿ ತಮ್ಮ ತಾಟು ತಾವೇ ತೊಳೆದರು. ಅಂಚಿನಲ್ಲಿ ಜುಣಕ ಹಾಗೇ ಹತ್ತಿಕೊಂಡಿತ್ತು. ಅತ್ತೆ ಅದನ್ನು ಕಂಡೂ ಕಾಣದವರ ಹಾಗೆ ಕವುಚಿಟ್ಟು, ಸೆರಗು ಸರಿಮಾಡಿಕೊಂಡು ಹೊರಟರು.

ಗುಡಿಯಲ್ಲಿ ಅತ್ತೆಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೆಲಸವಿಲ್ಲದೆ ಕೂತ ಕೈ ಅವು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಕಂಡಿಕೆ ಸುತ್ತಿದ ಹಾಗೆಯೇ. ಶಾಸ್ತ್ರಿಗಳು ಕಥೆ ಶುರು ಮಾಡಿದ ಮೇಲೆ ಆ ಕೈ ನಿಂತವು.

ಮಕ್ಕಳೇ, ಆ ಕಥೆ ನಿಮಗೂ ಹೇಳುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಮಾರಯ್ಯ, ಲಕ್ಕಮ್ಮ ಎಂಬ ಗಂಡ-ಹೆಂಡತಿ ಇದ್ದರು. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದಕ್ಕೇ ಅವರಿಗೆ ಆಯ್ದಕ್ಕಿಯವರು ಎಂಬ ಹೆಸರು. ಆ ಅಕ್ಕಿಯಲ್ಲೇ ಅಡುಗೆ, ಆ ಅಡುಗೆಯಲ್ಲೇ ಬಂದ ಶರಣರಿಗೂ ಪಾಲು. ಇವರನ್ನು ಪರೀಕ್ಷಿಸಬೇಕೆಂದು ಬಸವಣ್ಣನವರು ಒಂದು ದಿನ ಅಂಗಳದಲ್ಲಿ ಹೆಚ್ಚು ಅಕ್ಕಿ ಚೆಲ್ಲಿಸಿದರಂತೆ. ಮಾರಯ್ಯನಿಗೆ ಖುಷಿಯಾಯಿತು. ದಿನಕ್ಕಿಂತ ಹೆಚ್ಚು ಆಯ್ದು ತಂದ. ಲಕ್ಕಮ್ಮ ಗಂಟು ನೋಡಿದಳು. ಅವಳಿಗೆ ಖುಷಿಯಾಗಲಿಲ್ಲ. ನಮಗೆ ದಿನಕ್ಕೆ ಬೇಕಾದದ್ದು ಎಷ್ಟು? ಇದು ಯಾಕೆ ಹೆಚ್ಚಾಯಿತು? ಬೇಕಾದಷ್ಟಕ್ಕಿಂತ ಹೆಚ್ಚು ತಂದರೆ ಅದು ಕಾಯಕವಲ್ಲ, ಆಸೆ. ಹೋಗಿ, ತಂದಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ತಿರುಗಿ ಹೋಗಿ ಸುರಿದು ಬಂದ. ಕೊನೆಗೆ ಬಸವಣ್ಣನವರು, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಅವರ ಗುಡಿಸಲಿಗೆ ಬಂದಾಗ ಅದೇ ಸ್ವಲ್ಪ ಅಕ್ಕಿಯಲ್ಲಿ ಎಲ್ಲರ ಹೊಟ್ಟೆಯೂ ತುಂಬಿತು ಎಂದು ಪುರಾಣ ಹೇಳುತ್ತದೆ.

ಮಂಗಳಾರತಿ ಮುಗಿಸಿ ಹೊರಗೆ ಬಂದೆವು. ಮೂರು ಮನೆಯ ದಾರಿ. ಎರಡನೆಯ ಮನೆಯ ಮುಂದೆ ಅತ್ತೆ ನಿಂತರು.

“ಅಂದ್ರ, ಇಷ್ಟ ಸಾಕು ಅಂದಿದ್ದಕ್ಕ ಆಕಿ ದೊಡ್ಡಾಕಿ ಆದಳೇನ? ಇಷ್ಟ ವರ್ಷ ನಾ ಅಷ್ಟ ಮಂದಿಗೆ ಅಡಿಗಿ ಮಾಡಿದ್ದಕ್ಕ ದೊಡ್ಡಾಕಿ ಅಂತ ತಿಳದಿದ್ನಿ.”

ಮಕ್ಕಳೇ, ಈ ಮಾತನ್ನು ಇನ್ನೊಮ್ಮೆ ಓದಿ. ಕಥೆಯ ಕೊನೆ ಮಾತ್ರ ಗೊತ್ತಿದ್ದವರಿಗೆ ಲಕ್ಕಮ್ಮ ಎಂದರೆ ದೊಡ್ಡ ಅಡುಗೆ ಮಾಡಿದವಳು. ಮೊದಲಿನಿಂದ ಕೇಳಿದವರಿಗೆ ಸಾಕು ಎಂದು ಹೇಳಬಲ್ಲವಳು. ಎರಡೂ ಒಂದೇ ಕಥೆ. ಆದರೆ ಮೂವತ್ತು ವರ್ಷ ಒಲೆಯ ಮುಂದೆ ಕೂತ ಹೆಂಗಸಿಗೆ ಮೊದಲನೆಯದು ಇನ್ನಷ್ಟು ಅಡುಗೆ ಮಾಡು ಎನ್ನುತ್ತದೆ, ಎರಡನೆಯದು ಎದ್ದು ಬಾ ಎನ್ನುತ್ತದೆ.

ಮರುದಿನದಿಂದ ನಮ್ಮ ಮನೆಯಲ್ಲಿ ಶ್ರಾವಣಕ್ಕೆ ಒಂದು ಪದ್ಧತಿ ಬಂತು. ಪುರಾಣ ಇರುವ ದಿನ ಸಂಜೆಯ ಅಡುಗೆ ಅರ್ಧ ತಾಸಿನೊಳಗೆ ಆಗುವಂಥದ್ದೇ ಇರಬೇಕು. ಜುಣಕ, ಇಲ್ಲವೇ ನುಚ್ಚು-ಮಜ್ಜಿಗೆ, ಇಲ್ಲವೇ ಹೆಸರುಬೇಳೆ ಹಾಕಿದ ಮೆಂತ್ಯೆ ಪಲ್ಯ. ತಾಟು ಅವರವರದು. ಗುಡಿಗೆ ಹೋಗುವಾಗ ಮನೆಗೆ ಬೀಗ. ಅಡುಗೆ ಮಾಡಿದವರನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು. ಮಾವನವರು ಮುಂದಿನ ಸಾಲಿನ ಜಾಗ ಕಳೆದುಕೊಂಡರು. ಒಂದು ವಾರ ಗೊಣಗಿದರು. ಎರಡನೆಯ ವಾರದಿಂದ ಅತ್ತೆಗೆ ಹೊತ್ತಾಗುತ್ತದೆ ಎಂದು ಅವರೇ ನೀರು ತುಂಬಿಡತೊಡಗಿದರು. ಮಂಗಲದ ದಿನ ಮಾತ್ರ ಹೋಳಿಗೆ. ಅದನ್ನು ಊರೇ ಸೇರಿ ಮಾಡುತ್ತದಲ್ಲ!

ಅತ್ತೆ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪುರಾಣ ಕೇಳಿದರು. ನೂಲುವ ಕಾಯಕದ ಕದಿರ ರೆಮ್ಮವ್ವೆಯ ಕಥೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮನ ಕಥೆ, ನೇಕಾರರು ತಮ್ಮವರೆಂದು ನಡೆದುಕೊಳ್ಳುವ ಜೇಡರ ದಾಸಿಮಯ್ಯನವರ ಮತ್ತು ದುಗ್ಗಳೆಯ ಕಥೆ. ನೂಲಿನ ಮಾತು ಬಂದಾಗ ನನ್ನ ಮೊಣಕೈ ತಿವಿಯುತ್ತಿದ್ದರು, “ಕೇಳವಾ, ನಮ್ಮ ಕೆಲಸನ ಹೇಳಾಕತ್ಯಾರ” ಎಂದು. ದುಡಿಯುವ ಹೆಂಗಸರ ಕಥೆಗಳು ಅವು. ಕೇಳಲಿಕ್ಕೆ ದುಡಿಯುವ ಹೆಂಗಸರಿಗೇ ಬಿಡುವಿಲ್ಲದಿದ್ದರೆ ಅವನ್ನು ಯಾರಿಗೆ ಹೇಳಬೇಕು?

ಇನ್ನು ಅಡುಗೆ.

ಜುಣಕ ಮಾಡುವ ಬಗೆ (ನಾಲ್ಕು ಮಂದಿಗೆ)

ಬೇಕಾಗುವವು: ಕಡಲೆಹಿಟ್ಟು 1 ಬಟ್ಟಲು, ನೀರು ಎರಡೂವರೆ ಬಟ್ಟಲು, ದೊಡ್ಡ ಉಳ್ಳಾಗಡ್ಡಿ 2, ಹಸಿಮೆಣಸಿನಕಾಯಿ 4, ಬಳ್ಳೊಳ್ಳಿ 8 ಎಸಳು, ಎಣ್ಣೆ 3 ದೊಡ್ಡ ಚಮಚ, ಸಾಸಿವೆ ಮತ್ತು ಜೀರಿಗೆ ಅರ್ಧರ್ಧ ಚಮಚ, ಕರಿಬೇವು ಒಂದು ಎಸಳು, ಅರಿಷಿಣ ಕಾಲು ಚಮಚ, ರುಚಿಗೆ ಉಪ್ಪು, ಮೇಲೆ ಉದುರಿಸಲು ಕೊತ್ತಂಬರಿ.

1. ಕಡಲೆಹಿಟ್ಟಿಗೆ ಮೊದಲು ಅರ್ಧ ಬಟ್ಟಲು ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಆಮೇಲೆ ಉಳಿದ ನೀರು ಸೇರಿಸಿ. ಎಲ್ಲ ನೀರನ್ನೂ ಒಮ್ಮೆಲೆ ಸುರಿದರೆ ಗಂಟು ಕಟ್ಟುತ್ತದೆ.

2. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆಯನ್ನು ಕಲ್ಲಿನಲ್ಲಿ ತರಿತರಿಯಾಗಿ ಜಜ್ಜಿ. ಉಳ್ಳಾಗಡ್ಡಿಯನ್ನು ಉದ್ದಕ್ಕೆ ಹೆಚ್ಚಿ.

3. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಹಾಕಿ. ಸಾಸಿವೆ ಸಿಡಿದ ಮೇಲೆ ಜಜ್ಜಿದ ಖಾರ, ಅದರ ಹಿಂದೆ ಉಳ್ಳಾಗಡ್ಡಿ. ಮೆತ್ತಗಾಗುವವರೆಗೆ ಹುರಿದು ಅರಿಷಿಣ, ಉಪ್ಪು ಹಾಕಿ.

4. ಉರಿ ಸಣ್ಣ ಮಾಡಿ ಕಲಸಿದ ಹಿಟ್ಟನ್ನು ಸುರಿಯುತ್ತ ಕೈಬಿಡದೆ ತಿರುವಿ. ಏಳೆಂಟು ನಿಮಿಷಕ್ಕೆ ಗಟ್ಟಿಯಾಗಿ, ಹಸಿಹಿಟ್ಟಿನ ವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಕಾಣುತ್ತದೆ. ಮುಚ್ಚಿ ಮೂರು ನಿಮಿಷ ಬಿಟ್ಟು ಇಳಿಸಿ. ಕೊತ್ತಂಬರಿ ಉದುರಿಸಿ.

ಶ್ರಾವಣದಲ್ಲಿ ಉಳ್ಳಾಗಡ್ಡಿ-ಬಳ್ಳೊಳ್ಳಿ ಬಿಡುವ ಮನೆಯವರು ಅದರ ಬದಲು ಸಣ್ಣಗೆ ಹೆಚ್ಚಿದ ಮೆಂತ್ಯೆ ಸೊಪ್ಪು, ಚಿಟಿಕೆ ಇಂಗು ಹಾಕಲಿ. ಹಲ್ಲಿಲ್ಲದ ಅಜ್ಜ-ಅಜ್ಜಿಯರಿಗೆ ಅರ್ಧ ಬಟ್ಟಲು ನೀರು ಹೆಚ್ಚು ಹಾಕಿ ತೆಳ್ಳಗೆ ಮಾಡಿದರೆ ಹಿತ. ಜತೆಗೆ ಒಂದು ಹಸಿ ಸೌತೆಕಾಯಿ, ಮೊಸರು, ಶೇಂಗಾ ಹಿಂಡಿ ಇದ್ದರೆ ಊಟ ಪೂರ್ತಿ. ಜೋಳದಲ್ಲಿ ಕಡಿಮೆ ಇರುವ ಪ್ರೋಟೀನಿನ ಅಂಶ ಕಡಲೆಯಲ್ಲಿದೆ, ಹಾಗಾಗಿ ರೊಟ್ಟಿ ಮತ್ತು ಜುಣಕ ಒಂದರ ಕೊರತೆಯನ್ನು ಒಂದು ತುಂಬುತ್ತವೆ.

ಇಷ್ಟು ಬೇಗ ಹೇಗೆ ಆಗುತ್ತದೆ ಎಂದು ಜಾಣ ಮಕ್ಕಳು ಕೇಳಬೇಕು. ಕಡಲೆಬೇಳೆ ಬೇಯಲು ಬಹಳ ಹೊತ್ತು ಬೇಕು. ಅದನ್ನೇ ಗಿರಣಿಯಲ್ಲಿ ಹಿಟ್ಟು ಮಾಡಿಸಿಟ್ಟರೆ ನೀರು ಮತ್ತು ಬಿಸಿ ಬೇಗ ಒಳಗೆ ಹೋಗುತ್ತವೆ. ಖಡಕ್ ರೊಟ್ಟಿಯದೂ ಅಂಥದೇ ಗುಟ್ಟು. ಜೋಳದಲ್ಲಿ ಗೋಧಿಯಲ್ಲಿರುವಂಥ ಜಿಗುಟು ಇಲ್ಲ. ಅದಕ್ಕೇ ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದಬೇಕು, ಇಲ್ಲದಿದ್ದರೆ ಬಡಿಯುವಾಗ ಹರಿಯುತ್ತದೆ. ತೆಳ್ಳಗೆ ಬಡಿದು, ಬೇಯಿಸಿ, ಹಂಚಿನ ಬದಿಗೆ ನಿಲ್ಲಿಸಿ ಗರಿಗರಿಯಾಗಿ ಒಣಗಿಸಿದರೆ ಅದರಲ್ಲಿ ನೀರಿನ ಅಂಶ ಉಳಿಯುವುದಿಲ್ಲ. ನೀರಿಲ್ಲದ ಕಡೆ ಬೂಸು ಬೆಳೆಯುವುದಿಲ್ಲ. ಹೀಗಾಗಿ ಗಾಳಿಯಾಡದ ಡಬ್ಬಿಯಲ್ಲಿಟ್ಟ ರೊಟ್ಟಿ ವಾರಗಟ್ಟಲೆ ಬಾಳುತ್ತದೆ. ಭಾನುವಾರ ಎರಡು ತಾಸು ಕೂತು ಬಡಿದಿಟ್ಟರೆ ವಾರದ ಆರು ಸಂಜೆ ಕೈಗೆ ಸಿಗುತ್ತವೆ. ಬಡಿಯಲು ಆಗದವರಿಗೆ ರೊಟ್ಟಿ ಮಾಡಿ ಮಾರುವ ಮನೆಗಳು ಈಗ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಈ ಸಂಜೆಗಳು ನಮ್ಮ ಸೀಮೆಗೆ ಹೊಸವಲ್ಲ

ಮುಧೋಳದ ಹೆಸರು ಕೇಳಿದರೆ ಮಕ್ಕಳಿಗೆ ಬೇಟೆನಾಯಿ ನೆನಪಾಗುತ್ತದೆ. ಕವಿ ರನ್ನನ ಊರೂ ಅದೇ. ಬಳೆ ಮಾರುವ ಮನೆತನದಲ್ಲಿ 949ರಲ್ಲಿ ಹುಟ್ಟಿದ ಹುಡುಗ ಗದಾಯುದ್ಧ ಬರೆದ ಮಹಾಕವಿಯಾದ. ಅವನ ಅಜಿತಪುರಾಣ 993ರದು. ಅದನ್ನು ಬರೆಯಿಸಿದವಳು ಅತ್ತಿಮಬ್ಬೆ ಎಂಬ ಹೆಣ್ಣುಮಗಳು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಅವಳು ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯ ಮೇಲೆ 1000 ಪ್ರತಿ ಬರೆಯಿಸಿ ಹಂಚಿದಳು. ಒಂದೊಂದು ಅಕ್ಷರವನ್ನೂ ಕೈಯಲ್ಲಿ ಕೊರೆಯಬೇಕಾದ ಕಾಲವದು. ಒಳ್ಳೆಯ ಕಥೆ ಒಂದೇ ಮನೆಯಲ್ಲಿ ಉಳಿಯಬಾರದು ಎಂಬ ಹಟ ಅವಳದು. ನನ್ನ ಅತ್ತೆಗೆ ಅತ್ತಿಮಬ್ಬೆ ಯಾರೆಂದು ಗೊತ್ತಿರಲಿಲ್ಲ, ಆದರೆ ಹಟ ಮಾತ್ರ ಅದೇ ಜಾತಿಯದು.

ಜಮಖಂಡಿಯಲ್ಲಿ 1886ರ ಜುಲೈ 3ರಂದು ಹುಟ್ಟಿದ ಇನ್ನೊಬ್ಬ ಹುಡುಗ ಗುರುದೇವ ರಾನಡೆ ಎಂದು ಹೆಸರಾದರು. ಉಪನಿಷತ್ತುಗಳ ಮೇಲೆ 1926ರಲ್ಲಿ ಅವರು ಬರೆದ ಇಂಗ್ಲಿಷ್ ಗ್ರಂಥವನ್ನು ಇಂದಿಗೂ ಓದುತ್ತಾರೆ. ದೂರದ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. ಅಷ್ಟು ಓದಿದವರು ಕೊನೆಗೆ ಬಂದು ನೆಲೆಸಿದ್ದು ವಿಜಯಪುರ ಜಿಲ್ಲೆಯ ನಿಂಬಾಳ ಎಂಬ ಸಣ್ಣ ಊರಿನಲ್ಲಿ. ನಮ್ಮ ಹಳ್ಳಿಗಳ ಭಜನೆಯಲ್ಲಿ ಹಾಡುವ ಕನ್ನಡ ಸಂತರ ಪದಗಳನ್ನು ಅವರು ಉಪನಿಷತ್ತಿನಷ್ಟೇ ಆಸ್ಥೆಯಿಂದ ಕೇಳಿದರು, ಅವುಗಳ ಮೇಲೆ ಪುಸ್ತಕವನ್ನೇ ಬರೆದರು. ದೊಡ್ಡ ಜ್ಞಾನ ಓಣಿಯ ಗುಡಿಯಲ್ಲಿಯೂ ಸಿಗುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಇಲ್ಲಿನ ಅಜ್ಜ-ಅಜ್ಜಿಯರು ಮರೆಯುವುದಿಲ್ಲ. ಅವರ ಪ್ರವಚನಕ್ಕೆ ನಾನೂ, ಅತ್ತೆಯೂ ಕೂತಿದ್ದೇವೆ. ಬಿಳಿ ಅಂಗಿ, ಅದಕ್ಕೆ ಜೇಬೇ ಇಲ್ಲ. ಸಣ್ಣ ಧ್ವನಿ, ಮಕ್ಕಳಿಗೂ ತಿಳಿಯುವ ಮಾತು, ಸಾವಿರಾರು ಜನರ ನಡುವೆ ಎಲೆ ಬಿದ್ದರೂ ಕೇಳುವಷ್ಟು ಶಾಂತ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಎಂದರು. 2023ರ ಜನವರಿ 2ರಂದು ತೀರಿಕೊಂಡರು. ತಮಗೆ ಸಮಾಧಿ, ಸ್ಮಾರಕ ಯಾವುದೂ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಜೇಬಿಲ್ಲದ ಆ ಅಂಗಿ ನೋಡಿದಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: “ಲಕ್ಕಮ್ಮನ ಪೈಕಿ ನೋಡವಾ.”

ಈಗ ಕಾಲ ಬದಲಾಗಿದೆ. ನಮ್ಮ ಮನೆಯ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದವು. ಜೋಳ ಬೆಳೆಯುತ್ತಿದ್ದ ಜಮಖಂಡಿ-ಮುಧೋಳದ ಹೊಲಗಳಲ್ಲಿ ಕಬ್ಬು ನಿಂತಿದೆ. ಮುಳುಗಿದ ನನ್ನ ತವರಿನವರು ಪುನರ್ವಸತಿಯ ಹೊಸ ಊರಿನಲ್ಲಿದ್ದಾರೆ, ಅಲ್ಲಿಯೂ ಗುಡಿ ಕಟ್ಟಿಕೊಂಡು ಪುರಾಣ ಹಚ್ಚುತ್ತಾರೆ. ಅತ್ತೆ-ಮಾವ ಇಬ್ಬರೂ ಈಗ ಇಲ್ಲ. ನನ್ನ ಸೊಸೆ ಜಮಖಂಡಿಯಲ್ಲಿ ನೌಕರಿ ಮಾಡಿ ಸಂಜೆ ಆರೂವರೆಯ ಬಸ್ಸಿಗೆ ಇಳಿಯುತ್ತಾಳೆ. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಮಗ ಉಳ್ಳಾಗಡ್ಡಿ ಹೆಚ್ಚಿರುತ್ತಾನೆ, ಐದನೆಯತ್ತೆಯ ಮೊಮ್ಮಗ ಹಿಟ್ಟು ಕಲಸಿರುತ್ತಾನೆ. ಗಂಟು ಒಡೆಯುವುದರಲ್ಲಿ ಅವನು ನಮ್ಮೆಲ್ಲರಿಗಿಂತ ಹುಷಾರು. ಒಗ್ಗರಣೆ ಮಾತ್ರ ದೊಡ್ಡವರ ಕೆಲಸ.

ನಿಮ್ಮ ಊರಿನಲ್ಲಿ ಪುರಾಣ ಇಲ್ಲದಿರಬಹುದು. ಭಜನೆ ಇರಬಹುದು, ಹರಿಕಥೆ ಇರಬಹುದು, ಬಸದಿಯ ಪಾಠ, ದರ್ಗಾದ ಉರುಸು, ಚರ್ಚಿನ ಪ್ರಾರ್ಥನೆ ಇರಬಹುದು. ಏನೂ ಇಲ್ಲದಿದ್ದರೆ ಟಿವಿ ಆರಿಸಿ ಅಜ್ಜ ಹೇಳುವ ಒಂದು ಕಥೆ ಇರಬಹುದು. ಎಲ್ಲಕ್ಕೂ ಲೆಕ್ಕ ಒಂದೇ: ಅಡುಗೆ ಮಾಡಿದವರು ಶುರುವಿನಿಂದ ಅಲ್ಲಿ ಕೂತಿದ್ದಾರೆಯೇ?

ಅದಕ್ಕೆ ಮಕ್ಕಳಿಗೆ ಈ ವಾರದ ಕೆಲಸ ಮೂರು:

ಒಂದು, ವಾರದಲ್ಲಿ ಒಂದು ಸಂಜೆ ಆರಿಸಿ. ಅಂದು ಅಡುಗೆ 20 ನಿಮಿಷದ್ದು ಮಾತ್ರ. ಇನ್ನೊಂದು ಪಲ್ಯ ಬೇಕು, ಹಪ್ಪಳ ಬೇಕು ಎಂದು ಯಾರೂ ಕೇಳಬಾರದು.

ಎರಡು, ನಿಮ್ಮ ತಾಟು ನೀವೇ ತೊಳೆಯಿರಿ. ಅಂಚನ್ನೂ ತಿಕ್ಕಿ. ಒಣಗಿದ ಜುಣಕ ಬಲು ಮೊಂಡು.

ಮೂರು, ಮನೆಯಲ್ಲಿ ಅಡುಗೆ ಮಾಡುವವರು ಯಾರೋ, ಅವ್ವನೋ ಅಜ್ಜಿಯೋ ಅಪ್ಪನೋ, ಅವರ ಹತ್ತಿರ ಹೋಗಿ ಕೇಳಿ: ಕೊನೆ ಮಾತ್ರ ಗೊತ್ತಿದ್ದು ಮೊದಲು ಗೊತ್ತಿಲ್ಲದ ಕಥೆ ನಿಮಗೆ ಯಾವುದು? ಅದರ ಮೊದಲನ್ನು ಹುಡುಕಿ ತಂದು ಅವರನ್ನು ಕೂಡಿಸಿ ಹೇಳಿ. ಅವರ ಕೈ ಸುಮ್ಮನಿರುವುದಿಲ್ಲ, ಸೆರಗನ್ನೋ ಟವೆಲ್ಲನ್ನೋ ಹಿಡಿದು ಸುತ್ತುತ್ತಿರುತ್ತವೆ. ನಿಲ್ಲುವವರೆಗೆ ಹೇಳಿ.

ಮುಂದಿನ ವಾರ ನುಚ್ಚು-ಮಜ್ಜಿಗೆ ಮಾಡೋಣ. ಒಂದು ಬಟ್ಟಲು ಜೋಳದ ನುಚ್ಚು ಒಡೆಸಿ ಇಟ್ಟುಕೊಂಡಿರಿ.